ತಗ್ಗಿಂದಿ ಎಂದರೆ ಮುಗಿಯಿತೆಂದಲ್ಲ

ಹುಬ್ಬಳ್ಳಿಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ನಾನು ವಾರ್ಡನ್ ಆಗಿದ್ದೆ. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ಜ್ವರ ಬಂದವಳು ನನ್ನೆದುರೇ ಮಾತ್ರೆ ನುಂಗಿ ಬಾಯಿ ತೆರೆದು ತೋರಿಸಬೇಕು. ನಿವೃತ್ತಿಯಾದ ಮೇಲೆ ವಿಶಾಖಪಟ್ಟಣದ ಮಧುರವಾಡದಲ್ಲಿ ಮಗ-ಸೊಸೆಯ ಜೊತೆಗಿದ್ದೇನೆ. ಮಗನಿಗೆ ಔಷಧ ಕಾರ್ಖಾನೆಯಲ್ಲಿ ಕೆಲಸ. ಸೊಸೆ ವಿಜಯವಾಡದ ತೆಲುಗು ಹುಡುಗಿ.

ಪಕ್ಕದಲ್ಲೊಂದು ಅಪಾರ್ಟ್‌ಮೆಂಟ್ ಅರ್ಧಕ್ಕೆ ನಿಂತಿದೆ. ಅದರ ನೆಲಮಾಳಿಗೆ ತುಂಬ ನೀರು. ಸೊಸೆ ಬಸುರಿಯಾದ ಕೂಡಲೇ ನಾನು ಸೊಳ್ಳೆಪರದೆ ತಂದು ಕಟ್ಟಿದೆ. "ಅತ್ತಯ್ಯಾ, ಆಸ್ಪತ್ರೆ ಥರ ಕಾಣ್ತದೆ" ಎಂದು ಅವಳು ಬಿಚ್ಚಿ ಮಡಿಸಿಟ್ಟು, ಗೋಡೆಗೆ ಸೊಳ್ಳೆಯ ಯಂತ್ರ ಸಿಕ್ಕಿಸಿದಳು. ಸೊಳ್ಳೆಗಳು ಆ ಯಂತ್ರದ ಮೇಲೇ ಕೂತು ದಣಿವಾರಿಸಿಕೊಂಡವು.

ಏಳನೆಯ ತಿಂಗಳಲ್ಲಿ ಅವಳಿಗೆ ಚಳಿಜ್ವರ ಬಂತು. ರಕ್ತ ನೋಡಿ ಮಲೇರಿಯಾ ಎಂದರು. ಜ್ವರ ಬಿಟ್ಟರೂ ಮಾತ್ರೆ ಬಿಡಬಾರದು, ಬಸುರಿಯಲ್ಲಿ ಈ ರೋಗಾಣು ಮಾಸುಚೀಲದಲ್ಲಿ ಅಡಗಿ ಕೂತು ಮಗುವಿನ ಊಟ ಕಿತ್ತುಕೊಳ್ಳುತ್ತದೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಮೊದಲ ಮಾತ್ರೆಗಳನ್ನು ನಾನೇ ನುಂಗಿಸಿದೆ. ಅಷ್ಟರಲ್ಲಿ ಬೀಗತಿ ಕಾರು ತಂದರು. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆದೊಯ್ಯುವ ಒಳ್ಳೆಯ ದಿನ ಅದೇ ಅಂತೆ. ಜ್ವರವಿದೆ ಎಂದು ಮುಹೂರ್ತ ಕಾಯಲಿಲ್ಲ. ಸ್ಟ್ರಿಪ್ ಬೀಗತಿಯ ಕೈಗಿಟ್ಟು, ಪೂರ್ತಿ ಆಗಬೇಕು ಎಂದು ಎರಡು ಸಲ ಹೇಳಿ ಕಳಿಸಿದೆ.

ಮಾರನೆಯ ದಿನ ಬೀಗತಿಗೆ ಫೋನು ಮಾಡಿ, ಜ್ವರ ಹೇಗಿದೆ ಎಂದು ನನಗೆ ಬಂದಷ್ಟು ತೆಲುಗಿನಲ್ಲಿ ಕೇಳಿದೆ.

"ಜ್ವರಂ ಎಲಾ ಉಂದಿ, ವದಿನಗಾರು?"

"ತಗ್ಗಿಂದಂಡೀ! ಮೀರು ಕಂಗಾರು ಪಡಕಂಡಿ."

ಗಾಬರಿಯಾಗಬೇಡಿ ಎಂದರಲ್ಲ, ನಾನು "ಸರೇ" ಎಂದೆ. ಕನ್ನಡದ ಕಿವಿಗೆ ತಗ್ಗುವುದೆಂದರೆ ಇಳಿಯುವುದು. ಇಳಿದದ್ದು ಇನ್ನೂ ಇದೆ ಎಂದರ್ಥ. ಅಂದರೆ ಮಾತ್ರೆಯೂ ನಡೆಯುತ್ತಿದೆ ಎಂದು ತಿಳಿದೆ. ಅವರ ಮನೆಯಲ್ಲಿ ಜ್ವರ ತಗ್ಗಿಂದಿ ಎಂದರೆ ವಾಸಿಯಾಯಿತು, ಮುಗಿಯಿತು ಎಂದು ಆಮೇಲೆ ಗೊತ್ತಾಯಿತು.

ಕೆಲವೇ ವಾರಗಳಲ್ಲಿ ಜ್ವರ ಮರಳಿತು. ನಾನೂ ಮಗನೂ ವಿಜಯವಾಡಕ್ಕೆ ಓಡಿದೆವು. ಸೊಸೆಯ ತುಟಿ ಬಿಳಿಚಿತ್ತು. ಎರಡು ಕಂಬಳಿ ಹೊದ್ದರೂ ಮಂಚ ಅಲುಗುತ್ತಿತ್ತು. ಬೀಗತಿ ಅವಳ ಹಣೆಗೆ ಇಂದ್ರಕೀಲಾದ್ರಿ ಬೆಟ್ಟದ ಗುಡಿಯ ಕುಂಕುಮ ಹಚ್ಚುತ್ತಿದ್ದರು. ಆ ಕುಂಕುಮದ ಸ್ಟೀಲ್ ಡಬ್ಬಿಯಲ್ಲೇ ಉಳಿದ ಮಾತ್ರೆಗಳಿದ್ದವು. ಅದರಲ್ಲೂ ಒಂದಷ್ಟನ್ನು ಕಾರಿನ ಡ್ರೈವರಿಗೆ ಮೈ ಬಿಸಿಯಾದಾಗ ಕೊಟ್ಟಿದ್ದರು!

"ಇವು ಯಾಕೆ ಉಳಿದವು?" ಎಂದೆ. ನನ್ನ ದನಿ ಬೀದಿಗೆ ಕೇಳಿರಬೇಕು.

"ಕಡುಪುತೋ ಉನ್ನ ಪಿಲ್ಲ, ವದಿನಗಾರು. ವೇಡಿ ಚೇಸ್ತುಂದಿ ಕದಾ!"

ಬಸುರಿ ಹುಡುಗಿಗೆ ಉಷ್ಣವಾಗುತ್ತದಂತೆ. "ತಗ್ಗಿಂದಿ ಅಂಟೇ ಮೀರೇ ಸರೇ ಅನ್ನಾರು ಕದಾ" ಎಂದು, ನಾನು ಅಂದು ಫೋನಿನಲ್ಲಿ ಸರಿ ಎಂದದ್ದನ್ನೇ ಹಿಡಿದು, ತಪ್ಪನ್ನು ನನ್ನ ತಲೆಗೇ ಕಟ್ಟಿದರು.

ಮಗ ತೋಳು ಹಿಡಿದ. "ಅವ್ವಾ, ಸುಮ್ಮನಿರು. ಬೀಗರ ಮನಿ."

"ಔಷಧ ಮಾಡೋ ಫ್ಯಾಕ್ಟರ್ಯಾಗ ದುಡ್ಯಾಂವ ನೀನು. ನೀನs ಸುಮ್ಮನಿರು ಅಂತೀ? ಒಂದs ಒಂದು ದಿನ ಹೆಂಡ್ತಿನ ಕೇಳಿದ್ಯೇನು, ಮಾತ್ರಿ ಆತೇನು ಅಂತ?"

ಅವನು ಆಟೊ ತರಲು ಹೊರಗೆ ಓಡಿದ.

ಆಸ್ಪತ್ರೆಯಲ್ಲಿ ಅದೇ ರೋಗಾಣು ಮತ್ತೆ ಸಿಕ್ಕಿತು. ಹಳೆಯದೇ ಉಳಿದದ್ದೋ, ಹೊಸ ಸೊಳ್ಳೆ ಕಚ್ಚಿದ್ದೋ ಹೇಳಲಾರೆ ಎಂದ ಡಾಕ್ಟರು ಬೇರೆ ಔಷಧ ಬರೆದರು. ಎಲ್ಲರೂ ಹೀಗೆ ಅರ್ಧ ತಿಂದು ಅರ್ಧ ಹಂಚುತ್ತಾ ಹೋದರೆ ಬದುಕುಳಿದ ರೋಗಾಣು ಔಷಧಕ್ಕೆ ಜಗ್ಗದಂತಾಗುತ್ತದೆ, ಆಮೇಲೆ ಬಸುರಿಗೆ ಕೊಡಬಹುದಾದ ಔಷಧ ಎಲ್ಲಿಂದ ತರಲಿ ಎಂದು ಬೀಗತಿಗೆ ತೆಲುಗಿನಲ್ಲೇ ಕೇಳಿದರು. ಸ್ಕ್ಯಾನಿನಲ್ಲಿ ಮಗುವಿನ ಬೆಳವಣಿಗೆ ಸಾಲದೆಂದು ಕಂಡಿತು.

ನಾನು ವಿಶಾಖಪಟ್ಟಣಕ್ಕೆ ಮರಳದೆ ಬೀಗತಿಯ ಮನೆಯಲ್ಲೇ ಉಳಿದೆ. ಕಿಟಕಿಯ ಸರಳಿಗೂ ಬೀರುವಿನ ಹಿಡಿಗೂ ಹಗ್ಗ ಬಿಗಿದು ಪರದೆ ಕಟ್ಟಿದೆ. ದೇವರ ಮನೆಯ ಗಂಟೆ ತಂದು ಮಾತ್ರೆಯ ಹೊತ್ತಿಗೆ ಬಾರಿಸಿದೆ. ಸೊಸೆ ನುಂಗಿ ಬಾಯಿ ತೆರೆದು ತೋರಿಸಬೇಕು.

"ಇದಿ ಇಲ್ಲಾ, ಹಾಸ್ಟಲಾ?" ಎಂದರು ಬೀಗತಿ. ಇಲ್ಲು ಎಂದರೆ ಮನೆ.

"ಹಾಸ್ಟಲೇ" ಎಂದೆ.

ಕೊನೆಯ ಮಾತ್ರೆ ಮುಗಿದು ರಕ್ತ ಶುದ್ಧವಾದ ದಿನ ಬೀಗತಿ ಯಾರಿಗೋ ಫೋನಿನಲ್ಲಿ "ತಗ್ಗಿಂದಿ" ಎನ್ನುತ್ತಿದ್ದರು. ನಾನು ಬಾಗಿಲಲ್ಲಿ ನಿಂತೆ. ನನ್ನ ಮುಖ ನೋಡಿ, "ಮಂದುಲು ಅಯಿಪೋಯಾಯಿ" ಎಂದು ತಿದ್ದಿಕೊಂಡರು. ಔಷಧ ಮುಗಿಯಿತು ಎಂದು.

ಮೊಮ್ಮಗಳು ಹುಟ್ಟಿದಾಗ ತೀರ ಸಣ್ಣಗಿದ್ದಳು. ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಳಿಸಿಕೊಟ್ಟರು. ಈಗ ಪರದೆಯೊಳಗೆ ಮಲಗಿದ್ದಾಳೆ. ನೋಡಲು ಬಂದ ಹೆಂಗಸರು ಮಗು ಯಾಕಿಷ್ಟು ಸಣ್ಣ ಎಂದು ಕೇಳುತ್ತಾರೆ.

"ದಿಷ್ಟಿ ತಗಿಲಿಂದಿ" ಎನ್ನುತ್ತಾರೆ ಬೀಗತಿ. ದೃಷ್ಟಿ ತಾಗಿದೆಯಂತೆ.

ನಾನು ಎದ್ದು ಹೋಗಿ, ಆ ಸ್ಟೀಲ್ ಡಬ್ಬಿ ತಂದು ಬಂದವರ ಮುಂದೆ ಮುಚ್ಚಳ ತೆಗೆದಿಡುತ್ತೇನೆ. ಉಳಿದ ಮಾತ್ರೆಗಳನ್ನು ಇನ್ನೂ ಎಸೆದಿಲ್ಲ.