ಅರ್ಜಿಯಿಂದ ಅಳಿಸಿದ ‘ಮುಸುರೆ’

ಹಾಸ್ಟೆಲಿನಲ್ಲಿ ಉಳಿದ ಅನ್ನ, ಗಂಜಿಯನ್ನು ದನಗಳಿಗೆ ತಲುಪಿಸುವ ಯೋಜನೆಗೆ ವಿಶ್ವವಿದ್ಯಾಲಯದ ಪರಿಸರ ಅನುದಾನ ಕೇಳಿ ಅರ್ಜಿ ಬರೆದೆ. ಯೋಜನೆಯ ಹೆಸರು ‘ಮುಸುರೆ’. ಹೊನ್ನಾಳಿಯಲ್ಲಿ ಅವ್ವ ಎಮ್ಮೆಗೆ ದಿನಾ ಇಡುತ್ತಿದ್ದದ್ದು ಅದನ್ನೇ.

ಜಗಳೂರಿನ ರೂಮ್‌ಮೇಟ್ ಓದಿದಳು. “ಮುಸುರೆ ತೆಗಿಯೇ. ಎಮ್ಮೆ ಮೇಯ್ಸಾಕೆ ಬಂದೀಯಾ ಅಂತ ನಗ್ತಾರೆ.”

ಅಳಿಸಿ ‘ಆಹಾರ ತ್ಯಾಜ್ಯ ನಿರ್ವಹಣೆ’ ಎಂದು ಬರೆದೆ. ‘ಹೊಸತೇನಿಲ್ಲ’ ಎಂದು ಅರ್ಜಿ ವಾಪಸಾಯಿತು. ಆಯ್ಕೆಯಾದವರ ಪಟ್ಟಿಯಲ್ಲಿ ರೂಮ್‌ಮೇಟ್ ಹೆಸರಿತ್ತು, ಅದರ ಮುಂದೆ ಯೋಜನೆ ‘ಮುಸುರೆ’ ಎಂದಿತ್ತು. ಅವಳೂ ಅರ್ಜಿ ಹಾಕಿದ್ದು ನನಗೆ ಗೊತ್ತೇ ಇರಲಿಲ್ಲ.

ಅಳಿಸುವಾಗ ಅವಳು ನಕ್ಕಳೇ? ನೆನಪು ಒಮ್ಮೆ ಹೌದೆನ್ನುತ್ತದೆ, ಒಮ್ಮೆ ಇಲ್ಲವೆನ್ನುತ್ತದೆ. ಅಳಿಸಿದ ಕೈಯಂತೂ ನನ್ನದೇ.

ರಜೆಗೆ ಊರಿಗೆ ಹೋದಾಗ ಅವ್ವ ಅಂದಳು: “ಎಮ್ಮೆಗೆ ಮುಸುರೆ ಇಟ್ಟು ಬಾರೇ.”

ಆ ಪದ ಕೇಳಿದ್ದೇ ಸಿಟ್ಟು ಬಂತು. ಅವ್ವನ ಮೇಲೆಯೇ ರೇಗಿದೆ.