ಚಿಕೋರಿ ಬೆರೆಸದ ಇಂಜೆಕ್ಷನ್

ಎರಡು ವರ್ಷದ ಹಿಂದೆ ನಮ್ಮ ತೋಟದಲ್ಲಿ ಮೆಣಸು ಕೊಯ್ಯಲು ಏಣಿ ಹತ್ತಿದೆ. ಕೊಯ್ದದ್ದು ಒಂದು ಹಿಡಿ. ಬಿದ್ದ ಸದ್ದು ಸುಂಟಿಕೊಪ್ಪ ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿತಂತೆ. ಬಲಭುಜಕ್ಕೆ ಆಪರೇಷನ್ ಎಂದಾಗ ನನಗಿದ್ದ ಭಯ ಒಂದೇ: ಅಪ್ಪನ ಎದುರು ಅತ್ತುಬಿಟ್ಟರೆ?

ಅರಿವಳಿಕೆ ಡಾಕ್ಟರಮ್ಮ ಬೆಳಿಗ್ಗೆಯೇ ಬಂದರು. "ಕತ್ತಿನ ಪಕ್ಕ, ನರದ ಹತ್ರ ಇಂಜೆಕ್ಷನ್ ಕೊಡ್ತೀವಿ. ಕೈ ಮರಗಟ್ಟುತ್ತೆ. ಅದಕ್ಕೆ ಇನ್ನೊಂದು ಔಷಧಿ ಚೂರು ಸೇರಿಸಿದ್ರೆ ಜಾಸ್ತಿ ಹೊತ್ತು ನೋವು ಗೊತ್ತಾಗಲ್ಲ."

ಸೇರಿಸುವುದೇ! ನಮ್ಮದು ಕಾಫಿ ಬೆಳೆಯುವ ಮನೆ. ಪ್ರತಿ ಭಾನುವಾರ ಅಪ್ಪ ಬಾಣಲೆಯಲ್ಲಿ ಬೀಜ ಹುರಿಯುತ್ತಿದ್ದರು. ಕೈಮಿಲ್ಲು ತಿರುಗಿಸುವುದು ಚಿಕ್ಕಂದಿನಿಂದ ನನ್ನ ಕೆಲಸ. ಹೊಗೆಗೆ ಕಣ್ಣು ಉರಿದರೂ ಆ ಘಮ ಬಿಟ್ಟು ಏಳುತ್ತಿರಲಿಲ್ಲ. ನೆಂಟರ ಮನೆಯಲ್ಲಿ ಚಿಕೋರಿ ಬೆರೆಸಿದ ಕಾಫಿ ಕೊಟ್ಟರೆ ಅಪ್ಪ ಒಂದೇ ಗುಟುಕಿಗೆ ಲೋಟ ಕೆಳಗಿಟ್ಟು, "ನೀರಿದ್ರೆ ಕೊಡಿ, ಸಾಕು" ಎನ್ನುತ್ತಿದ್ದರು.

"ಬೆರಕೆ ಬೇಡ ಮೇಡಂ, ಪ್ಯೂರ್ ಕೊಡಿ," ಎಂದೆ, ಪಕ್ಕದಲ್ಲಿದ್ದ ಅಪ್ಪನಿಗೆ ಕೇಳುವಂತೆ.

"ಇದೇನ್ ಕಾಫಿಪುಡಿನಾ? ಸಂಜೆಗೇ ನೋವು ಶುರುವಾಗುತ್ತೆ ನೋಡಿ."

"ಆಗ್ಲಿ ಮೇಡಂ. ಏಣಿಯಿಂದ ಬಿದ್ದೋನಿಗೆ ಅದ್ಯಾವ ಲೆಕ್ಕ!"

ಅಪ್ಪ ಮೀಸೆಯಲ್ಲೇ ನಕ್ಕರು. ನಾನು ಉಬ್ಬಿಹೋದೆ.

ಸಂಜೆ ಬೆರಳು ಅಲುಗಿತು. ಹಿಂದೆಯೇ ನೋವು ಜೀಪಿನಲ್ಲಿ ಬಂತು. ನರ್ಸ್ ಕೊಟ್ಟ ಮಾತ್ರೆ ನಡೆದುಕೊಂಡು ಬರುತ್ತಿತ್ತು. ಪಕ್ಕದ ಹಾಸಿಗೆಯಲ್ಲಿ ಬಾಳೆಲೆ ಊರಿನ ಹಿರಿಯರೊಬ್ಬರು. ಅವರದೂ ಭುಜವೇ, ಅದೇ ದಿನದ ಆಪರೇಷನ್. ಬೆಳಿಗ್ಗೆ ನನ್ನ ಜಂಬ ಕೇಳಿಸಿಕೊಂಡೂ ಔಷಧಿ ಸೇರಿಸಿಕೊಂಡಿದ್ದ ಅವರು ಎಡಗೈಯಲ್ಲಿ ಬನ್ನು ಹಾಲಿಗೆ ಅದ್ದಿ ತಿನ್ನುತ್ತಿದ್ದರು.

"ಏನಪ್ಪಾ ಪ್ಯೂರು, ಹೇಗುಂಟು?"

ಅತ್ತೇಬಿಟ್ಟೆ. ಆ ಸದ್ದಿನ ಮುಂದೆ ಏಣಿಯಿಂದ ಬಿದ್ದದ್ದು ಬರೀ ಪಿಸುಮಾತು. ಅಪ್ಪ ಎದ್ದು ಹೊರಗೆ ಹೋದರು. ಮಾನ ಹೋಯಿತು ಎಂದುಕೊಂಡೆ.

ಅವರು ಮರಳಿದ್ದು ಕ್ಯಾಂಟೀನಿನ ಕಾಫಿ ಹಿಡಿದು. ಲೋಟವನ್ನು ನನ್ನ ತುಟಿಗೆ ಒತ್ತಿದರು.

"ಚಿಕೋರಿ ವಾಸ್ನೆ ಬರ್ತಿದೆ, ಅಪ್ಪ."

"ಗೊತ್ತು ಕಣ್ಲಾ. ಕುಡಿ, ಮಗ. ಇವತ್ತೊಂದಿನ ಬೆರಕೇನೇ ಆಗ್ಲಿ."

ಅರ್ಧ ಕುಡಿದೆ. ಉಳಿದರ್ಧವನ್ನು ಅಪ್ಪ ಮುಖ ಸಿಂಡರಿಸದೆ ಕುಡಿದು, ಮಾತ್ರೆ ಬಂದು ಸೇರುವವರೆಗೂ ನನ್ನ ಎಡಗೈ ಹಿಡಿದು ಕೂತಿದ್ದರು.

ಈಗ ಭಾನುವಾರದ ಮಿಲ್ಲು ಮತ್ತೆ ನನ್ನ ಬಲಗೈಯಲ್ಲೇ ತಿರುಗುತ್ತದೆ. ಆದರೂ ಒಮ್ಮೊಮ್ಮೆ ಆ ಕ್ಯಾಂಟೀನಿನ ಕಾಫಿಯೇ ಬೇಕೆನಿಸುತ್ತದೆ. ಅಪ್ಪನಿಗೆ ಹೇಳಿಲ್ಲ.