ಬಕೆಟ್ಟಿನಲ್ಲಿ ಉಳಿದ ಮೂತ್ರಪಿಂಡ

ತಿರುವನಂತಪುರದ ನಮ್ಮ ಲ್ಯಾಬಿನಲ್ಲಿ ನನ್ನ ಫಲಿತಾಂಶದ ಚಿತ್ರ ಪರದೆಯ ಮೇಲೆ ಮೂಡಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಮೂತ್ರಪಿಂಡದ ಒಂದು ಅಪರೂಪದ ಕ್ಯಾನ್ಸರ್ ನನ್ನ ಪಿಎಚ್‌ಡಿ ವಿಷಯ. ಡಿಎನ್‌ಎ ಹಾಗೇ ಇದ್ದು, ಅದರ ಮೇಲೆ ಕೂರುವ ಸಣ್ಣ ರಾಸಾಯನಿಕ ಗುರುತುಗಳು ಬದಲಾದರೂ ಸಾಕು, ಜೀನ್‌ಗಳು ಬಾಯಿ ಮುಚ್ಚಿಬಿಡಬಹುದು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಒಂದೊಂದು ಮೂತ್ರಪಿಂಡದಲ್ಲೂ ಗಡ್ಡೆಯ ಚೂರನ್ನು ಗಡ್ಡೆಯಿಲ್ಲದ ಭಾಗದ ಚೂರಿನೊಂದಿಗೆ ಹೋಲಿಸಿದ್ದೆ. ಎರಡರ ಗುರುತುಗಳೂ ಅಚ್ಚುಕಟ್ಟಾಗಿ ಬೇರೆಯಾಗಿದ್ದವು. ಅತಿ ಅಚ್ಚುಕಟ್ಟಾಗಿ. ಇದು ನಿಜವಾದರೆ ನನ್ನ ಪ್ರಬಂಧ ಮುಗಿದಂತೆಯೇ.

ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಗೆಲ್ಲುತ್ತಿರುವಾಗಲೇ ಎದುರು ಪಕ್ಷದ ವಾದ ಹುಡುಕುವ ಚಟ.

"ಎರಡೂ ಚೂರು ಒಂದೇ ದಿನ ಕತ್ತರಿಸಿದ್ದಾ ಸರ್?" ಎಂದೆ.

"ನೀನು ನನ್ನ ವಿದ್ಯಾರ್ಥಿನಿಯೋ, ಎದುರು ಪಕ್ಷದ ವಕೀಲೆಯೋ?" ಗೈಡ್ ನಕ್ಕರು. "ಬರೆಯಲು ಶುರು ಮಾಡು, ಮೋಳೇ." ಮಲಯಾಳಂನಲ್ಲಿ 'ಮಗಳೇ' ಎಂದೇ ಅವರು ನನ್ನನ್ನು ಕರೆಯುವುದು.

ಬರೆಯಲಿಲ್ಲ. ಮರುದಿನವೇ ರೈಲು ಹಿಡಿದು ಕೊಚ್ಚಿಯ ಎರ್ನಾಕುಲಂ ನಿಲ್ದಾಣದಲ್ಲಿಳಿದೆ. ಚೂರುಗಳು ಬಂದದ್ದು ಅಲ್ಲಿನ ಒಂದು ಆಸ್ಪತ್ರೆಯಿಂದ. ಅವನ್ನು ಕತ್ತರಿಸಿದ ಟೆಕ್ನಿಷಿಯನ್ ಕಾಸರಗೋಡಿನ ಕನ್ನಡದವರು, ನಾನು ಅಕ್ಕ ಎಂದೇ ಕರೆಯುವುದು.

"ಗಡ್ಡೆಯನ್ನು ಬಂದ ದಿನವೇ ಕತ್ತರಿಸ್ತೇವೆ. ರಿಪೋರ್ಟಿಗೆ ಮನೆಯವರು ಬಾಗಿಲಲ್ಲೇ ನಿಂತಿರ್ತಾರಲ್ಲ."

"ಮತ್ತೆ ಗಡ್ಡೆಯಿಲ್ಲದ ಭಾಗ?"

"ಅದು ಕೊಳೀಬಾರದು ಅಂತ ಫಾರ್ಮಲಿನ್ ಬಕೆಟ್ಟಿನಲ್ಲಿ ಇರ್ತದೆ. ಚೂರು ಬೇಕು ಅಂತ ನಿಮ್ಮ ಲ್ಯಾಬಿನ ಲೆಟರ್ ಬಂದ ಮೇಲೆ ತೆಗೆದು ಕತ್ತರಿಸಿದ್ದು. ಅದಕ್ಕೆ ಎಂತ ಅರ್ಜೆಂಟು ಮಾರಾಯ್ತಿ?"

"ಎಷ್ಟು ದಿನ ಬಿಟ್ಟು?"

"ದಿನವಾ! ಕೆಲವು ಓಣಂಗೆ ಬಂದದ್ದು ಕ್ರಿಸ್ಮಸ್‌ವರೆಗೆ ಕೂತಿವೆ."

ಫಾರ್ಮಲಿನ್‌ನಲ್ಲಿ ನೆನೆದಷ್ಟೂ ಡಿಎನ್‌ಎ ಹಾಳಾಗುತ್ತದೆ, ಅದರ ಮೇಲಿನ ಗುರುತುಗಳ ಅಳತೆಯೂ ತಪ್ಪುತ್ತದೆ. ಹಾಗಾದರೆ ನಾನು ಅಳೆದದ್ದು ಕ್ಯಾನ್ಸರನ್ನೋ, ಬಕೆಟ್ಟನ್ನೋ? ಅಕ್ಕನ ಕೈಯಲ್ಲಿ ರಿಜಿಸ್ಟರ್ ಪೂರ್ತಿ ತಿರುವಿಸಿದೆ. ಮೂವರು ರೋಗಿಗಳದ್ದು ಮಾತ್ರ ಎರಡೂ ಚೂರು ಒಂದೇ ದಿನ ಕತ್ತರಿಸಿದ್ದು. ಹಿಂದಿರುಗಿ ಆ ಮೂವರದ್ದನ್ನಷ್ಟೇ ಹೋಲಿಸಿದೆ. ಬೇರೆಯಾಗಿದ್ದ ಗುರುತುಗಳು ಗಡ್ಡೆ ಯಾವುದು, ಅಲ್ಲದ್ದು ಯಾವುದು ತಿಳಿಯದಂತೆ ಕಲಸಿಹೋದವು.

ಈ ಸಲ ಗೈಡ್ ನಗಲಿಲ್ಲ. "ಮೂರೇ ಜನರನ್ನು ನೋಡಿ ಹೌದು ಅಂತಲೂ ಹೇಳುವಂತಿಲ್ಲ, ಇಲ್ಲ ಅಂತಲೂ ಹೇಳುವಂತಿಲ್ಲ. ಹೊಸ ರೋಗಿಗಳು ಬೇಕು."

ಬೇಕು ಎಂದರೆ? ಎಲ್ಲೋ ಯಾರಿಗೋ ಈ ಕಾಯಿಲೆ ಬರಬೇಕು. ಅಷ್ಟು ಗೊತ್ತಿದ್ದೂ ಪ್ರತಿ ಸೋಮವಾರ ಕೊಚ್ಚಿಗೆ ಫೋನ್ ಮಾಡತೊಡಗಿದೆ.

"ಬಂತಾ ಅಕ್ಕ?"

"ಬರ್ಲಿಲ್ಲ. ಯಾರಿಗೂ ಬಾರದ್ದಕ್ಕೆ ನಿನಗೆ ಬೇಜಾರಾ?"

ವಾದಿಸಲು ಬಾಯಿ ತೆರೆದವಳು, "ಹೌದು," ಎಂದುಬಿಟ್ಟೆ.



"ಬಂದ್ರೆ ಎರಡನ್ನೂ ಒಟ್ಟಿಗೇ ಕತ್ತರಿಸ್ತೇನೆ," ಎಂದರು ಅಕ್ಕ. "ಈಗ ಫೋನ್ ಇಡು."